ಮೆಡಿಕೇರ್ ಲೆವಿ: ಕೇಳಿದವರಿಗೆ ಮಾತ್ರ ವಿನಾಯಿತಿ

ಲೆವಿ ಎಂದ ಕೂಡಲೇ ನಮ್ಮ ಹಳೆಯ ತಲೆಮಾರಿನವರಿಗೆ ನೆನಪಾಗುವುದು ಭತ್ತದ ಲೆವಿ. ಬೆಳೆದದ್ದರಲ್ಲಿ ಇಷ್ಟು ಪಾಲನ್ನು ಸರ್ಕಾರಕ್ಕೆ ಅಳೆದು ಕೊಡಬೇಕೆಂಬ ಕಟ್ಟಳೆ ಅದು. ಆಸ್ಟ್ರೇಲಿಯದಲ್ಲಿ ಓದುವ ಇಂದಿನ ವಿದ್ಯಾರ್ಥಿಗಳಿಗೆ ಎದುರಾಗುವುದು ಇನ್ನೊಂದು ಬಗೆಯ ಲೆವಿ. ಅದರ ಹೆಸರು ಮೆಡಿಕೇರ್ ಲೆವಿ. ದುಡಿದ ಹಣದಲ್ಲಿ ನೂರಕ್ಕೆ 2ರಷ್ಟನ್ನು ಆ ದೇಶದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆಂದು ತೆಗೆದಿಡುವ ಪದ್ಧತಿ ಇದು. ಭಾರತದಿಂದ ಹೋದ ವಿದ್ಯಾರ್ಥಿಗೆ ಆ ವ್ಯವಸ್ಥೆಯ ಪ್ರಯೋಜನ ಸಿಗುವುದಿಲ್ಲ. ಆದರೂ ಲೆವಿ ಮಾತ್ರ ಕಳೆದುಹೋಗುತ್ತದೆ. ಅದನ್ನು ಹಿಂದಕ್ಕೆ ಪಡೆಯುವ ದಾರಿ ಇದೆಯೆಂದು ತಿಳಿಯದೆ ಕೈಬಿಡುವವರೂ ಇದ್ದಾರೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ದಾವಣಗೆರೆಯ ಒಬ್ಬ ಹುಡುಗಿ ಮೆಲ್ಬರ್ನ್‌ನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ವಾರದಲ್ಲಿ ಮೂರು ದಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ನೇರವಾಗಿ ತರಗತಿಗೆ ಹೋಗುವುದೂ ಉಂಟು. 2024-25ರ ಸಾಲಿನಲ್ಲಿ ಅವಳು ದುಡಿದದ್ದು 36,000 ಡಾಲರ್. ಜುಲೈ ತಿಂಗಳಲ್ಲಿ ತಾನೇ ಕುಳಿತು ತೆರಿಗೆ ರಿಟರ್ನ್ ಸಲ್ಲಿಸಿದಳು. ಕೆಲವೇ ದಿನಗಳಲ್ಲಿ 232 ಡಾಲರ್ ವಾಪಸು ಬಂತು. ಸಂತೋಷವಾಯಿತು. ಅದೇ ಕೇಂದ್ರದಲ್ಲಿ ಅಷ್ಟೇ ಸಂಬಳಕ್ಕೆ ದುಡಿಯುವ ರೂಮಿನ ಗೆಳತಿಗೆ 952 ಡಾಲರ್ ಬಂದಿದೆ ಎಂದು ತಿಳಿದ ಮೇಲೆ ಆ ಸಂತೋಷ ಉಳಿಯಲಿಲ್ಲ.

ಆ ರಾತ್ರಿ ಮನೆಗೆ ಫೋನು ಹೋಯಿತು.

“ಅಪ್ಪಾ, ಇಲ್ಲಿಯ ಸರ್ಕಾರಿ ಆಸ್ಪತ್ರೆ ಲೆಕ್ಕಕ್ಕೆ ನನ್ನ ಹತ್ರ 720 ಡಾಲರ್ ಹಿಡ್ಕೊಂಡಿದ್ದಾರೆ. ನಂಗೆ ಮೆಡಿಕೇರ್ ಕಾರ್ಡೇ ಇಲ್ವಲ್ಲ?”

“ಸರ್ಕಾರದ ಲೆಕ್ಕ ಅಲ್ವಾ ಪುಟ್ಟಿ, ಸರಿಯಾಗೇ ಇರುತ್ತೆ ಬಿಡು. ಇಲ್ಲಿ ನಾವೂ ಸೆಸ್ ಕಟ್ತೀವಲ್ಲ, ಹಾಗೇ ಅದು.”

ಅಪ್ಪ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಲೆಕ್ಕ ಬಲ್ಲವರು. ಆದರೂ ಅವರ ಉತ್ತರದಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದಾಗಿ, ಇದು ನಮ್ಮ ಸೆಸ್ಸಿನಂತೆ ಅಲ್ಲ. ಭಾರತದಲ್ಲಿ 2018-19ರಿಂದ ಇರುವ ಆರೋಗ್ಯ ಮತ್ತು ಶಿಕ್ಷಣ ಸೆಸ್ಸು ತೆರಿಗೆಯ ಮೇಲೆ ಶೇಕಡಾ 4. ಮೆಡಿಕೇರ್ ಲೆವಿಯಾದರೋ ತೆರಿಗೆಗೆ ಒಳಪಡುವ ಆದಾಯದ ಮೇಲೆಯೇ ಶೇಕಡಾ 2. ಎರಡನೆಯದಾಗಿ, ಸರ್ಕಾರದ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಹುಡುಗಿ ಹೇಳಬೇಕಾದ ಒಂದು ಮಾತನ್ನು ಹೇಳಿರಲಿಲ್ಲ.

ಈ ಲೆವಿ ಬಂದ ಬಗೆ

ಆಸ್ಟ್ರೇಲಿಯದಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಎಂಬ ಯೋಜನೆ ಮೊದಲು ಜಾರಿಗೆ ಬಂದದ್ದು 1975ರಲ್ಲಿ, ಗಾಫ್ ವಿಟ್ಲಮ್ ಅವರ ಸರ್ಕಾರದ ಕಾಲದಲ್ಲಿ. ಅದರ ಹೆಸರು ಮೆಡಿಬ್ಯಾಂಕ್. ಸರ್ಕಾರ ಬದಲಾದ ಮೇಲೆ ಅದರ ಸ್ವರೂಪವೂ ಬದಲಾಯಿತು. ಬಾಬ್ ಹಾಕ್ ಅವರ ಸರ್ಕಾರ 1984ರ ಫೆಬ್ರುವರಿ 1ರಂದು ಮೆಡಿಕೇರ್ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ನಿಲ್ಲಿಸಿತು. ಖರ್ಚಿನ ಒಂದು ಭಾಗವನ್ನು ತುಂಬಿಕೊಳ್ಳಲು ಆದಾಯದ ಮೇಲೆ ಶೇಕಡಾ 1ರ ಲೆವಿ ಹಾಕಲಾಯಿತು. 1995ರ ಹೊತ್ತಿಗೆ ಅದು ಶೇಕಡಾ 1.5 ಆಗಿತ್ತು. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಗುಂಡಿನ ದಾಳಿಗೆ 35 ಮಂದಿ ಬಲಿಯಾದರು. ಜನರ ಬಳಿಯಿದ್ದ ಬಂದೂಕುಗಳನ್ನು ಸರ್ಕಾರವೇ ಕೊಂಡು ನಾಶಮಾಡಲು ಹಣ ಬೇಕಾಗಿತ್ತು. ಅದಕ್ಕಾಗಿ 1996-97ರ ಒಂದು ವರ್ಷದ ಮಟ್ಟಿಗೆ ಲೆವಿಯನ್ನು 1.7ಕ್ಕೆ ಏರಿಸಲಾಯಿತು. ಅಂಗವಿಕಲರ ನೆರವಿನ ರಾಷ್ಟ್ರೀಯ ಯೋಜನೆಗೆ ಹಣ ಒದಗಿಸಲು 2014ರ ಜುಲೈ 1ರಿಂದ ಅದು ಶೇಕಡಾ 2 ಆಯಿತು.

ಹೀಗೆ ಲೆವಿ ಆ ದೇಶದ ಜನ ಒಬ್ಬರಿಗೊಬ್ಬರು ಹೆಗಲು ಕೊಡಲು ಕಟ್ಟುವ ಹಣ. ಅದರಲ್ಲಿ ತಪ್ಪೇನೂ ಇಲ್ಲ. ಪ್ರತಿಯಾಗಿ ಕೈಗೊಂದು ಹಸಿರು ಕಾರ್ಡು ಬರುತ್ತದೆ, ಸಾರ್ವಜನಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುತ್ತದೆ. ಆದರೆ ವಿದ್ಯಾರ್ಥಿ ವೀಸಾದಲ್ಲಿರುವ ಭಾರತೀಯರಿಗೆ ಈ ಕಾರ್ಡು ಇಲ್ಲ. ಆಸ್ಟ್ರೇಲಿಯವು ಬ್ರಿಟನ್, ನ್ಯೂಜಿಲೆಂಡ್, ಐರ್ಲೆಂಡ್, ಇಟಲಿ, ಸ್ವೀಡನ್ ಮೊದಲಾದ 11 ದೇಶಗಳೊಡನೆ ಪರಸ್ಪರ ಆರೋಗ್ಯ ಒಪ್ಪಂದ ಮಾಡಿಕೊಂಡಿದೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ನಮ್ಮ ವಿದ್ಯಾರ್ಥಿಗಳು ವೀಸಾ ಅವಧಿಯಷ್ಟಕ್ಕೂ ವಿದೇಶಿ ವಿದ್ಯಾರ್ಥಿಗಳ ಖಾಸಗಿ ಆರೋಗ್ಯ ವಿಮೆ ಮಾಡಿಸಿಯೇ ಹೊರಡಬೇಕು. ಆ ವಿಮೆಯ ಕಂತನ್ನು ಊರಿನಲ್ಲಿ ಅಪ್ಪ ಅಮ್ಮ ಕಟ್ಟಿಯಾಗಿದೆ. ಅದರ ಮೇಲೆ ಲೆವಿಯೂ ಹೋದರೆ ಒಂದೇ ಆರೋಗ್ಯಕ್ಕೆ ಎರಡು ಸಲ ಹಣ ಕಟ್ಟಿದಂತಾಯಿತು.

ತೆರಿಗೆಗೆ ನಿವಾಸಿ, ಮೆಡಿಕೇರ್‌ಗೆ ಹೊರಗಿನವರು

ಕಾರ್ಡು ಇಲ್ಲದವರಿಂದ ಲೆವಿ ಏಕೆ ಕಳೆಯುತ್ತಾರೆ? ಗೊಂದಲದ ಬೇರು ಇರುವುದು ‘ನಿವಾಸಿ’ ಎಂಬ ಒಂದು ಮಾತಿನಲ್ಲಿ. ಆರು ತಿಂಗಳಿಗಿಂತ ಹೆಚ್ಚಿನ ಕೋರ್ಸಿಗೆ ಸೇರಿದ ವಿದೇಶಿ ವಿದ್ಯಾರ್ಥಿಯನ್ನು ಆಸ್ಟ್ರೇಲಿಯದ ತೆರಿಗೆ ಇಲಾಖೆ ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ನಿವಾಸಿ ಎಂದೇ ಎಣಿಸುತ್ತದೆ. ಇದು ವಿದ್ಯಾರ್ಥಿಗೆ ಲಾಭದ ಮಾತು. ನಿವಾಸಿಗೆ ಮೊದಲ 18,200 ಡಾಲರಿಗೆ ತೆರಿಗೆ ಇಲ್ಲ. ನಿವಾಸಿ ಅಲ್ಲದವರು ಮೊದಲ ಡಾಲರಿನಿಂದಲೇ ತೆರಿಗೆ ಕಟ್ಟಬೇಕು, ಆದರೆ ಲೆವಿ ಅವರಿಗೆ ಅನ್ವಯಿಸುವುದಿಲ್ಲ. ಲೆವಿ ನಿವಾಸಿಗಳಿಗೆ ಮಾತ್ರ.

ಮೆಡಿಕೇರ್ ಸೌಲಭ್ಯ ಯಾರಿಗೆ ಎಂಬುದನ್ನು ನಿರ್ಧರಿಸುವ ನಿಯಮವೇ ಬೇರೆ. ಅಲ್ಲಿ ಲೆಕ್ಕಕ್ಕೆ ಬರುವುದು ವೀಸಾ. ಹೀಗಾಗಿ ವಿದ್ಯಾರ್ಥಿ ಒಂದು ಇಲಾಖೆಯ ಕಣ್ಣಿಗೆ ಒಳಗಿನವನು, ಇನ್ನೊಂದರ ಕಣ್ಣಿಗೆ ಹೊರಗಿನವನು. ಸಂಬಳ ಕೊಡುವ ಸಂಸ್ಥೆಗೆ ಕಾಣುವುದು ಮೊದಲನೆಯದು ಮಾತ್ರ. ಅದು ನಿವಾಸಿಯ ದರದಂತೆ ಮುಂಗಡ ತೆರಿಗೆ ಹಿಡಿಯುತ್ತದೆ, ಅದರೊಳಗೆ ಲೆವಿಯೂ ಸೇರಿಕೊಂಡಿರುತ್ತದೆ. ಸಂಬಳದ ಚೀಟಿಯಲ್ಲಿ ಅದನ್ನು ಬೇರೆಯಾಗಿ ತೋರಿಸುವುದಿಲ್ಲ. ರಿಟರ್ನ್ ಸಲ್ಲಿಸಿದ ನಂತರ ಬರುವ ಅಸೆಸ್‌ಮೆಂಟ್ ನೋಟಿಸಿನಲ್ಲಿ ‘ಮೆಡಿಕೇರ್ ಲೆವಿ’ ಎಂಬ ಒಂದು ಸಾಲಾಗಿ ಅದು ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಕಾನೂನು ಈ ಅಡಕತ್ತರಿಯನ್ನು ಮರೆತಿಲ್ಲ. ಮೆಡಿಕೇರ್ ಸೌಲಭ್ಯಕ್ಕೆ ಅರ್ಹರಲ್ಲದವರಿಗೆ ಲೆವಿಯಿಂದ ಪೂರ್ಣ ವಿನಾಯಿತಿ ಇದೆ. ಆದರೆ ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬಂತೆ, ಕೇಳದವರಿಗೆ ಅದು ತಾನಾಗಿ ಬರುವುದಿಲ್ಲ.

ಯಾರಿಗೆ ಎಷ್ಟು?

ಮೊದಲು ನೋಡಬೇಕಾದದ್ದು ಆದಾಯ. 2024-25ರ ಸಾಲಿಗೆ, ಒಂಟಿಯಾಗಿರುವ ವ್ಯಕ್ತಿಯ ತೆರಿಗೆಯ ಆದಾಯ 27,222 ಡಾಲರ್ ಮೀರದಿದ್ದರೆ ಲೆವಿಯೇ ಇಲ್ಲ. ಅಂಥವರು ವಿನಾಯಿತಿಯ ಕಾಗದಕ್ಕಾಗಿ ಓಡಾಡಬೇಕಾಗಿಲ್ಲ. ಅಲ್ಲಿಂದ ಮುಂದೆ 34,027 ಡಾಲರಿನವರೆಗೆ, ಮಿತಿಯನ್ನು ಮೀರಿದ ಪ್ರತಿ ಡಾಲರಿಗೆ 10 ಸೆಂಟಿನಂತೆ ಲೆವಿ. ಉದಾಹರಣೆಗೆ 30,000 ಡಾಲರ್ ಆದಾಯಕ್ಕೆ 277 ಡಾಲರ್ 80 ಸೆಂಟ್. ಅದಕ್ಕೂ ಮೇಲಾದರೆ ಇಡೀ ಆದಾಯಕ್ಕೆ ಶೇಕಡಾ 2. ಈ ಮಿತಿಗಳು ವರ್ಷ ವರ್ಷವೂ ಪರಿಷ್ಕರಣೆಯಾಗುತ್ತವೆ. ಆದ್ದರಿಂದ ಆಯಾ ವರ್ಷದ ಅಂಕಿಯನ್ನೇ ನೋಡಿಕೊಳ್ಳಬೇಕು.

ದಾವಣಗೆರೆಯ ಹುಡುಗಿಯ ಲೆಕ್ಕ ಹೀಗಿದೆ. 36,000ದಲ್ಲಿ 18,200 ಕಳೆದರೆ 17,800. ಅದಕ್ಕೆ ಶೇಕಡಾ 16ರಂತೆ 2,848 ಡಾಲರ್ ತೆರಿಗೆ. ಕಡಿಮೆ ಆದಾಯದವರಿಗೆ ಸಿಗುವ 700 ಡಾಲರ್ ರಿಯಾಯಿತಿ ಕಳೆದು ಉಳಿದದ್ದು 2,148. ಇದರ ಮೇಲೆ ಶೇಕಡಾ 2ರ ಲೆವಿ 720. ಒಟ್ಟು 2,868. ಸಂಬಳದಿಂದ ಮುಂಗಡವಾಗಿ ಹಿಡಿದದ್ದು 3,100 ಡಾಲರ್ ಆಗಿದ್ದರಿಂದ 232 ವಾಪಸು ಬಂತು. ಗೆಳತಿ ವಿನಾಯಿತಿ ಕೇಳಿದ್ದಳು, ಆದ್ದರಿಂದ ಅವಳಿಗೆ 952. ಡಾಲರಿಗೆ 55 ರೂಪಾಯಿಯೆಂದು ಹಿಡಿದರೂ ಈ 720 ಡಾಲರ್ 39,600 ರೂಪಾಯಿ. ರಾತ್ರಿ ಪಾಳಿಯಲ್ಲಿ ಹಾಸಿಗೆ ಹಿಡಿದ ವೃದ್ಧರನ್ನು ಮಗ್ಗುಲು ತಿರುಗಿಸಿ ಮಲಗಿಸಿ ಗಳಿಸಿದ ಹಣ ಅದು.

ಕೇಳುವ ಕ್ರಮ

ವಿನಾಯಿತಿಗೆ ಬೇಕಾದ ಮುಖ್ಯ ಕಾಗದ ಒಂದೇ. ಅದಕ್ಕೆ ಮೆಡಿಕೇರ್ ಎಂಟೈಟಲ್‌ಮೆಂಟ್ ಸ್ಟೇಟ್‌ಮೆಂಟ್ ಎಂದು ಹೆಸರು. ಈ ವ್ಯಕ್ತಿ ಇಂಥ ದಿನದಿಂದ ಇಂಥ ದಿನದವರೆಗೆ ಮೆಡಿಕೇರ್ ಸೌಲಭ್ಯಕ್ಕೆ ಅರ್ಹರಾಗಿರಲಿಲ್ಲ ಎಂದು ಹೇಳುವ ಪತ್ರ ಇದು. ಕೊಡುವುದು ತೆರಿಗೆ ಇಲಾಖೆಯಲ್ಲ, ಸರ್ವಿಸಸ್ ಆಸ್ಟ್ರೇಲಿಯ ಎಂಬ ಬೇರೆ ಇಲಾಖೆ. ಇದಕ್ಕೆ ಶುಲ್ಕವಿಲ್ಲ. ಅರ್ಜಿಯ ಜೊತೆ ಪಾಸ್‌ಪೋರ್ಟ್ ಮತ್ತು ವೀಸಾ ದಾಖಲೆಗಳ ಪ್ರತಿಗಳನ್ನು ಕೊಡಬೇಕು. ಆ ದೇಶದ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಆದ್ದರಿಂದ ಜೂನ್ ಮುಗಿದ ಮೇಲೆ ಅರ್ಜಿ ಹಾಕಿದರೆ ಇಡೀ ವರ್ಷಕ್ಕೆ ಪತ್ರ ಬರುತ್ತದೆ. ಒಂದು ವರ್ಷದ ಪತ್ರ ಮುಂದಿನ ವರ್ಷಕ್ಕೆ ನಡೆಯದು. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು.

ಪತ್ರ ಕೈಸೇರಲು ಕೆಲವು ವಾರಗಳೇ ಹಿಡಿಯಬಹುದು. ಸ್ವತಃ ರಿಟರ್ನ್ ಸಲ್ಲಿಸುವವರಿಗೆ ಕೊನೆಯ ದಿನ ಅಕ್ಟೋಬರ್ 31. ದಸರೆ ಮುಗಿಯಲಿ, ದೀಪಾವಳಿ ಬರಲಿ ಎಂದು ಕುಳಿತರೆ ಕಾಗದ ಬರುವ ಮೊದಲೇ ಗಡುವು ಬಂದೀತು. ಜುಲೈ ತಿಂಗಳಲ್ಲೇ ಅರ್ಜಿ ಹಾಕುವುದು ಜಾಣತನ.

ಪತ್ರ ಬಂದ ಮೇಲಿನ ಕೆಲಸ ಸುಲಭ. ರಿಟರ್ನಿನಲ್ಲಿ ಮೆಡಿಕೇರ್ ಲೆವಿಯ ವಿನಾಯಿತಿಗೆಂದೇ ಒಂದು ಜಾಗವಿದೆ. ಅಲ್ಲಿ ಪೂರ್ಣ ವಿನಾಯಿತಿಯ ದಿನಗಳ ಸಂಖ್ಯೆಯನ್ನು ಬರೆಯಬೇಕು. ಇಡೀ ವರ್ಷವೆಂದರೆ 365. ಪತ್ರವನ್ನು ರಿಟರ್ನಿನ ಜೊತೆ ಕಳಿಸಬೇಕಾಗಿಲ್ಲ. ಆದರೆ ಐದು ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಲಾಖೆ ಕೇಳಿದಾಗ ತೋರಿಸಬೇಕಾಗುತ್ತದೆ.

ಅಕ್ಟೋಬರ್ ಮುಗಿಯುವುದರೊಳಗೆ ಪತ್ರ ಬರದಿದ್ದರೆ? ವಿನಾಯಿತಿ ಕೇಳದೆ ರಿಟರ್ನ್ ಸಲ್ಲಿಸಿ, ಪತ್ರ ಬಂದ ಮೇಲೆ ತಿದ್ದುಪಡಿ ಮಾಡಿಕೊಳ್ಳಬಹುದು. ಸಾಮಾನ್ಯವಾಗಿ ತಿದ್ದುಪಡಿಗೆ ಅಸೆಸ್‌ಮೆಂಟ್ ನೋಟಿಸ್ ಬಂದಾಗಿನಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಹಿಂದಿನ ಸಾಲಿನಲ್ಲಿ ತಿಳಿಯದೆ ಲೆವಿ ಕಟ್ಟಿದವರಿಗೂ ಇದೇ ದಾರಿ.

ಇನ್ನೂ ಒಂದು ಅನುಕೂಲವಿದೆ. ಮೆಡಿಕೇರ್ ಲೆವಿ ವೇರಿಯೇಷನ್ ಡಿಕ್ಲರೇಷನ್ ಎಂಬ ನಮೂನೆಯನ್ನು ತುಂಬಿ ಕೆಲಸ ಕೊಟ್ಟವರಿಗೆ ಒಪ್ಪಿಸಿದರೆ, ಅವರು ಸಂಬಳದಿಂದ ಲೆವಿಯ ಭಾಗವನ್ನು ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ಬಾಡಿಗೆಗೆ ಪರದಾಡುವವರಿಗೆ ಇದರಿಂದ ತಿಂಗಳು ತಿಂಗಳೂ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಆದರೆ ವರ್ಷದ ಕೊನೆಗೆ ಪತ್ರ ಪಡೆದು ರಿಟರ್ನಿನಲ್ಲಿ ವಿನಾಯಿತಿ ಕೇಳುವುದನ್ನು ಮರೆತರೆ ಅಷ್ಟೂ ಹಣವನ್ನು ಒಮ್ಮೆಗೇ ಕಟ್ಟಬೇಕಾದೀತು. ಮರೆವಿನ ಸ್ವಭಾವದವರು ಈ ಉಪಾಯಕ್ಕೆ ಕೈಹಾಕದಿರುವುದೇ ಲೇಸು.

ವಿನಾಯಿತಿ ನಿಲ್ಲುವ ದಿನ

ಓದು ಮುಗಿಸಿ ಪದವೀಧರ ವೀಸಾದಲ್ಲೋ ಕೌಶಲದ ವೀಸಾದಲ್ಲೋ ಕೆಲಸಕ್ಕೆ ಸೇರಿದ ಭಾರತೀಯರಿಗೂ ಈ ವಿನಾಯಿತಿ ಅನ್ವಯಿಸುತ್ತದೆ. ಅಲ್ಲಿ ಸಂಬಳ ಹೆಚ್ಚು, ಲೆವಿಯೂ ಹೆಚ್ಚು. ಆದರೆ ಅವರು ಗಮನಿಸಬೇಕಾದ ಒಂದು ತಿರುವು ಇದೆ. ದೇಶದಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಿದವರು ಹಲವು ಸಂದರ್ಭಗಳಲ್ಲಿ, ಅರ್ಜಿ ಇತ್ಯರ್ಥವಾಗುವ ಮೊದಲೇ ಮೆಡಿಕೇರ್‌ಗೆ ಅರ್ಹರಾಗುತ್ತಾರೆ. ಅಂದಿನಿಂದ ವಿನಾಯಿತಿ ಇಲ್ಲ.

60,000 ಡಾಲರ್ ದುಡಿಯುವ ತರುಣನೊಬ್ಬ 2025ರ ಮಾರ್ಚ್ 1ರಂದು ಇಂಥ ಅರ್ಹತೆ ಪಡೆದನೆಂದುಕೊಳ್ಳಿ. ಹಿಂದಿನ ಜುಲೈ 1ರಿಂದ ಫೆಬ್ರುವರಿ 28ರವರೆಗೆ 243 ದಿನ. ಅಷ್ಟಕ್ಕೆ ಮಾತ್ರ ವಿನಾಯಿತಿ. ಇಡೀ ವರ್ಷದ ಲೆವಿ 1,200 ಡಾಲರ್. ಅದರಲ್ಲಿ 798 ಡಾಲರ್ 90 ಸೆಂಟ್ ಬಿಟ್ಟು, ಉಳಿದ 122 ದಿನಗಳಿಗೆ 401 ಡಾಲರ್ 10 ಸೆಂಟ್ ಅವನು ಕಟ್ಟಬೇಕು. ಕಾರ್ಡು ಮಾಡಿಸಿಕೊಂಡಿಲ್ಲ, ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ ಎಂಬ ಸಬೂಬು ನಡೆಯದು. ಲೆಕ್ಕಕ್ಕೆ ಬರುವುದು ಅರ್ಹತೆ, ಬಳಕೆಯಲ್ಲ. ಸಲ್ಲದ ಲೆವಿಯನ್ನು ಕೇಳಿ ಪಡೆಯುವುದು ಹೇಗೆ ಹಕ್ಕೋ, ಸಲ್ಲುವ ಲೆವಿಯನ್ನು ಕಟ್ಟುವುದು ಹಾಗೆಯೇ ಕರ್ತವ್ಯ.

ಸಂಸಾರಸ್ಥರೂ ಎಚ್ಚರದಿಂದಿರಬೇಕು. ಗಂಡ ಹೆಂಡತಿ ಇಬ್ಬರೂ ತಾತ್ಕಾಲಿಕ ವೀಸಾದಲ್ಲಿ ದುಡಿಯುತ್ತಿದ್ದರೆ ಇಬ್ಬರೂ ಬೇರೆ ಬೇರೆಯಾಗಿ ಪತ್ರ ಪಡೆಯಬೇಕು. ಒಬ್ಬರು ಅಲ್ಲಿಯ ಪ್ರಜೆಯೋ ಕಾಯಂ ನಿವಾಸಿಯೋ ಆಗಿದ್ದು ಮೆಡಿಕೇರ್‌ಗೆ ಅರ್ಹರಾಗಿದ್ದರೆ, ಇನ್ನೊಬ್ಬರಿಗೆ ವಿನಾಯಿತಿ ದಕ್ಕದೆ ಹೋಗಬಹುದು. ಅಂಥವರು ತಿಳಿದವರನ್ನು ಕೇಳಿಯೇ ಮುಂದುವರಿಯಬೇಕು.

ಪೋಷಕರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು

ವಿನಾಯಿತಿ ಕೇಳಿದರೆ ಮಗನ ವೀಸಾಕ್ಕೆ ತೊಂದರೆಯಾದೀತೇ? 
ಇದು ದಾಕ್ಷಿಣ್ಯದಿಂದ ಬೇಡುವ ಉಪಕಾರವಲ್ಲ. ಕಾನೂನೇ ಕೊಟ್ಟ ಅವಕಾಶ. ರಿಟರ್ನಿನಲ್ಲೇ ಅದಕ್ಕೆ ಜಾಗವಿದೆ. ನಿಜವಾದ ದಿನಗಳನ್ನು ನಮೂದಿಸಿ ಕೇಳುವವರು ಅಳುಕಬೇಕಾಗಿಲ್ಲ.

ಹಣ ಕೊಟ್ಟು ಏಜೆಂಟರನ್ನು ಹಿಡಿಯಲೇಬೇಕೇ? 
ಬೇಕಿಲ್ಲ. ಒಂದೇ ಕಡೆ ಕೆಲಸ ಮಾಡುವ ವಿದ್ಯಾರ್ಥಿ ತಾನೇ ರಿಟರ್ನ್ ತುಂಬಬಹುದು. ಕಡಿಮೆ ಆದಾಯದವರಿಗೆ ಜುಲೈನಿಂದ ಅಕ್ಟೋಬರ್‌ವರೆಗೆ ಟ್ಯಾಕ್ಸ್ ಹೆಲ್ಪ್ ಎಂಬ ಉಚಿತ ನೆರವೂ ಇದೆ. ಏಜೆಂಟರು ಬೇಕೇ ಬೇಕೆಂದರೆ ಅವರ ಹೆಸರು ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡಿನ ನೋಂದಣಿ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ಪಾಸ್‌ವರ್ಡನ್ನು ಯಾರಿಗೂ ಕೊಡಕೂಡದು. ಹೆಚ್ಚು ಹಣ ವಾಪಸು ತರಿಸುತ್ತೇನೆಂದು ಸುಳ್ಳು ದಿನಗಳನ್ನು ಬರೆಯುವವರಿಂದ ದೂರವಿರಬೇಕು. ಏಜೆಂಟರು ಏನೇ ಬರೆದರೂ ರಿಟರ್ನಿಗೆ ಹೊಣೆ ವಿದ್ಯಾರ್ಥಿಯೇ.

ಅಮೆರಿಕದಲ್ಲಿ ಓದುವವರಿಗೂ ಇಂಥದ್ದು ಇದೆಯೇ? 
ಇದೆ, ಆದರೆ ಕ್ರಮ ಬೇರೆ. ಎಫ್-1 ವೀಸಾದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷಗಳವರೆಗೆ, ವೀಸಾ ಒಪ್ಪುವ ಕೆಲಸಗಳಿಗೆ ಸೋಷಿಯಲ್ ಸೆಕ್ಯುರಿಟಿಯ ಶೇಕಡಾ 6.2 ಮತ್ತು ಮೆಡಿಕೇರ್‌ನ ಶೇಕಡಾ 1.45 ಕಟ್ಟಬೇಕಾಗಿಲ್ಲ. ತಪ್ಪಿ ಹಿಡಿದಿದ್ದರೆ ಮೊದಲು ಕೆಲಸ ಕೊಟ್ಟವರನ್ನೇ ಕೇಳಬೇಕು. ಅವರು ಕೊಡದಿದ್ದರೆ 843ನೇ ನಮೂನೆಯಲ್ಲಿ ತೆರಿಗೆ ಇಲಾಖೆಗೆ ಅರ್ಜಿ ಹಾಕಬೇಕು. ಓದು ಮುಗಿದು ಎಚ್-1ಬಿ ವೀಸಾಕ್ಕೆ ಬದಲಾದ ಮೇಲೆ ಈ ವಿನಾಯಿತಿ ಇಲ್ಲ.

ವಿದೇಶಕ್ಕೆ ಹೊರಡುವ ಮಕ್ಕಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳ, ಸ್ವೆಟರುಗಳ ಜೊತೆ ಒಂದು ಫೈಲನ್ನೂ ಇಟ್ಟು ಕಳಿಸುವುದು ಒಳ್ಳೆಯದು. ವೀಸಾ ಪ್ರತಿ, ವಿಮೆಯ ಕಾಗದ, ಸಂಬಳದ ಚೀಟಿ, ವರ್ಷಕ್ಕೊಂದು ಮೆಡಿಕೇರ್ ಪತ್ರ, ಅಸೆಸ್‌ಮೆಂಟ್ ನೋಟಿಸ್ ಎಲ್ಲವೂ ಅದರಲ್ಲಿ ಸೇರಲಿ. ನೋಟಿಸ್ ಬಂದಾಗ ಎಷ್ಟು ವಾಪಸು ಬಂತು ಎಂದಷ್ಟೇ ನೋಡದೆ ಸಾಲು ಸಾಲಾಗಿ ಓದುವ ಅಭ್ಯಾಸವೂ ಬೆಳೆಯಲಿ.

ದಾವಣಗೆರೆಯ ಅಪ್ಪ ಅದನ್ನೇ ಮಾಡಿದರು. ಎರಡು ದಿನ ಬಿಟ್ಟು ಮಗಳಿಗೆ ತಾವೇ ಫೋನು ಮಾಡಿದರು. “ಆ ನೋಟಿಸು ಕಳ್ಸು ಪುಟ್ಟಿ, ಒಂದ್ಸಲ ಪೂರ್ತಿ ಓದ್ತೀನಿ” ಎಂದರು. ತಂದೆ ಮಗಳು ಸೇರಿ ಓದಿದರು. ಅವಳು ಪತ್ರಕ್ಕೆ ಅರ್ಜಿ ಹಾಕಿದಳು. ಪತ್ರ ಬಂದ ಮೇಲೆ ರಿಟರ್ನಿಗೆ ತಿದ್ದುಪಡಿ ಸಲ್ಲಿಸಿದಳು. ಅವಳ 720 ಡಾಲರ್ ಅವಳ ಖಾತೆಗೆ ಬಂತು.